ಮಕ್ಕಳ ಹೊಸ ಹೋಂವರ್ಕ್: ವಾರಕ್ಕೊಮ್ಮೆ ಒಂದು ಮರ

ಆತ್ಮೀಯ ಪೋಷಕರೇ,

ನಮಸ್ಕಾರ. ಮುಂದಿನ ವಾರದಿಂದ 5, 6 ಮತ್ತು 7ನೇ ತರಗತಿಯ ಮಕ್ಕಳಿಗೆ ಒಂದು ಹೊಸ ಹೋಂವರ್ಕ್ ಇದೆ. ಮನೆ ಹತ್ತಿರದ ಒಂದು ಮರವನ್ನು ಆರಿಸಿಕೊಂಡು, ವಾರಕ್ಕೊಮ್ಮೆ ಅದನ್ನು ಸರಿಯಾಗಿ ನೋಡಿ ಬರೆಯಬೇಕು. ಚಿಗುರು, ಬಲಿತ ಎಲೆ, ಹೂ, ಕಾಯಿ, ಹಣ್ಣು ಇವು ಇವೆಯಾ? ಇದ್ದರೆ ಸ್ವಲ್ಪವಾ, ಜಾಸ್ತಿಯಾ? ಅಷ್ಟೇ.

ಇದು ನಾವೇ ಹುಟ್ಟುಹಾಕಿದ್ದಲ್ಲ. ಮೈಸೂರಿನಲ್ಲಿ 1996ರಲ್ಲಿ ಶುರುವಾದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಸೇವಾ ಸಂಸ್ಥೆ 'ಸೀಸನ್‌ವಾಚ್' ಎಂಬ ಹೆಸರಿನಲ್ಲಿ ಇದನ್ನು ನಡೆಸುತ್ತಿದೆ. ದೇಶದ ಬೇರೆ ಬೇರೆ ಕಡೆ ಮಕ್ಕಳೂ ದೊಡ್ಡವರೂ ಬರೆದು ಕಳಿಸಿದ್ದನ್ನು ಒಟ್ಟುಗೂಡಿಸಿ, ಮರಗಳ ಕಾಲ ಬದಲಾಗುತ್ತಿದೆಯಾ ಎಂದು ಅಲ್ಲಿನ ವಿಜ್ಞಾನಿಗಳು ನೋಡುತ್ತಾರೆ. ಕೇರಳದ ಶಾಲೆಗಳು ಇದರಲ್ಲಿ ತುಂಬಾ ಮುಂದಿವೆ. ಅಲ್ಲಿ ವಿಷು ಹಬ್ಬಕ್ಕೆ ಕಕ್ಕೆ ಹೂ ಬೇಕೇ ಬೇಕು. ವಿಷು ಪ್ರತಿ ವರ್ಷ ಏಪ್ರಿಲ್ ಮಧ್ಯದಲ್ಲೇ ಬರುವುದರಿಂದ, ಹೂ ಮೊದಲೇ ಅರಳಿದರೆ ಯಾರಿಗಾದರೂ ಗೊತ್ತಾಗುತ್ತದೆ.

ನಮ್ಮ ಯುಗಾದಿ ಹಾಗಲ್ಲ, ಅಲ್ವಾ? ಒಂದು ವರ್ಷ ಮಾರ್ಚ್‌ನಲ್ಲಿ, ಇನ್ನೊಂದು ವರ್ಷ ಏಪ್ರಿಲ್‌ನಲ್ಲಿ. ಬೇವಿನ ಹೂ ಸಿಗದೆ ಬರೀ ಎಲೆ ಹಾಕಿ ಬೇವು-ಬೆಲ್ಲ ಮಾಡಿದ ವರ್ಷಗಳೂ ಇವೆ. ಆದರೆ ಅವತ್ತು ಹೂ ತಡವಾಯಿತೋ, ಹಬ್ಬವೇ ಬೇಗ ಬಂತೋ ಎಂದು ಹೇಳುವುದು ಹೇಗೆ? ತಾರೀಖು ಹಾಕಿ ಬರೆದಿಟ್ಟರೆ ಮಾತ್ರ ಹೇಳಬಹುದು. ಅದಕ್ಕೇ ಈ ಹೋಂವರ್ಕ್.

"ಪಾಠ ಹಿಂದೆ ಬೀಳುತ್ತದೆ" ಎಂದು ಕೆಲವರು ಹೇಳಬಹುದು. ವಾರಕ್ಕೆ ಹತ್ತು ನಿಮಿಷದಿಂದ ಯಾವ ಪಾಠವೂ ಹಿಂದೆ ಬೀಳುವುದಿಲ್ಲ. ಸುಮ್ನೆ ಮೊಬೈಲ್ ನೋಡುವ ಹೊತ್ತಿನಲ್ಲಿ ಹತ್ತು ನಿಮಿಷ ಕಡಿಮೆಯಾದರೆ ನನಗಂತೂ ಸಂತೋಷವೇ.

ನಿಮ್ಮಲ್ಲಿ ಒಂದೇ ಕೋರಿಕೆ. ದಯವಿಟ್ಟು ಮಕ್ಕಳ ಹಾಳೆಯನ್ನು ನೀವು ತುಂಬಬೇಡಿ. ಮರದಲ್ಲಿ ಹೂ ಇಲ್ಲದಿದ್ದರೆ 'ಇಲ್ಲ' ಎಂದೇ ಬರೆಯಲಿ. ಅದಕ್ಕೂ ಪೂರ್ತಿ ಬೆಲೆ ಇದೆ, ಮಾರ್ಕ್ಸ್ ಕಟ್ ಆಗುವುದಿಲ್ಲ. ಒಂದು ವಾರ ತಪ್ಪಿದರೆ ಆ ಜಾಗ ಖಾಲಿ ಇರಲಿ, ಊಹಿಸಿ ಬರೆಸಬೇಡಿ. ಅಜ್ಜ-ಅಜ್ಜಿ ಇರುವ ಮನೆಯಲ್ಲಿ ಮಕ್ಕಳು ಅವರನ್ನು ಕೂರಿಸಿಕೊಂಡು ಹಳೆಯದನ್ನು ಕೇಳಲಿ. ಮುಂಚೆ ನೇರಳೆ ಯಾವಾಗ ಹಣ್ಣಾಗುತ್ತಿತ್ತು, ಹೊಂಗೆ ಯಾವಾಗ ಚಿಗುರುತ್ತಿತ್ತು ಎಂಬುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು.

ರಸ್ತೆ ಬದಿಯ ಮರಗಳ ಬಗ್ಗೆ ಗ್ರಾಮ ಪಂಚಾಯಿತಿಯವರ ಜೊತೆ ಮಾತಾಡಿದ್ದೇವೆ. ಮಕ್ಕಳು ನೋಡುತ್ತಿರುವ ಮರಗಳ ಪಟ್ಟಿ ಅವರ ಬಳಿ ಇರುತ್ತದೆ. ಮಳೆಗಾಲಕ್ಕೆ ಮುಂಚೆ ಕರೆಂಟ್ ತಂತಿಗೆ ತಾಗುವ ಕೊಂಬೆ ಕಡಿಯುವುದು ಇದ್ದೇ ಇದೆ. ಕಡಿಯುವ ಮೊದಲು ಶಾಲೆಗೆ ಒಂದು ಮಾತು ತಿಳಿಸಿ ಎಂದು ಲೈನ್‌ಮನ್‌ಗಳನ್ನೂ ಕೇಳಿಕೊಂಡಿದ್ದೇವೆ. ಕೊಂಬೆ ಹೋದರೆ ಅದನ್ನೂ ಮಕ್ಕಳು ಬರೆಯುತ್ತಾರೆ.

ಈ ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಶಾಲೆ ಅಂಗಳದ ಹುಣಸೆ ಮರದ ಹತ್ತಿರ ಬನ್ನಿ. ಹಾಳೆ ತುಂಬುವುದು ಹೇಗೆ ಎಂದು ಮಕ್ಕಳೇ ನಿಮಗೆ ತೋರಿಸುತ್ತಾರೆ.

ಇಂತಿ,
ಮುಖ್ಯ ಶಿಕ್ಷಕಿ