ಹಡಗಲ್ಲಿ ಕರೆಂಟ್ ಹೋದರೆ ಯಾರಿಗೆ ಫೋನ್ ಮಾಡ್ತೀರಿ ಅಂದಿದ್ದೆಯಲ್ಲ

ಹ್ವಾಯ್,

ಹೋದ ತಿಂಗಳು ನೀನು ವಾಟ್ಸಾಪಿನಲ್ಲಿ ಕೇಳಿದ್ದೆ. "ಮಳೆಗಾಲದಲ್ಲಿ ಕರೆಂಟ್ ಹೋದರೆ ಊರಿನವರೆಲ್ಲ ನನಗೆ ಫೋನ್ ಮಾಡಿ ಬೈತಾರೆ, ನಿಮ್ಮ ಹಡಗಲ್ಲಿ ಕರೆಂಟ್ ಹೋದರೆ ಯಾರಿಗೆ ಬೈತೀರಿ ಮಾರಾಯ?" ಅಂತ. ನಾನು ನಗುವ ಎಮೋಜಿ ಹಾಕಿ ಸುಮ್ಮನಾಗಿದ್ದೆ. ಈಗ ಹಡಗು ಲಂಗರು ಹಾಕಿ ನಿಂತಿದೆ, ಪುರುಸೊತ್ತಿದೆ. ಉತ್ತರ ಬರೆಯುತ್ತಿದ್ದೇನೆ.

ಬೈಯೋದು ಬತ್ತಿ ಸಾಬ್‌ಗೆ. ನಮ್ಮವರು ಹಡಗಿನ ಇಲೆಕ್ಟ್ರಿಕಲ್ ಆಫೀಸರನ್ನು ಕರೆಯೋದೇ ಹಾಗೆ. ಪಾಪ, ಹತ್ತರಲ್ಲಿ ಎಂಟು ಸಲ ಅವನ ತಪ್ಪಿರೋದಿಲ್ಲ, ನಮ್ಮಂಥ ಇಂಜಿನಿಯರುಗಳದ್ದೇ ಇರುತ್ತದೆ.

ನಮ್ಮಲ್ಲಿ ಲೈನು, ಫೀಡರು ಏನೂ ಇಲ್ಲ. ಕರೆಂಟು ನಾವೇ ಮಾಡಬೇಕು, ನಾವೇ ತಿನ್ನಬೇಕು. ಈ ಹಡಗಿನಲ್ಲಿ ಮೂರು ಜನರೇಟರ್ ಇವೆ. 440 ವೋಲ್ಟ್, 60 ಹರ್ಟ್ಸ್, ನಿಮ್ಮ ಹಾಗೆ 50 ಅಲ್ಲ. ನಡು ಸಮುದ್ರದಲ್ಲಿ ಒಂದೇ ಓಡುತ್ತದೆ, ಸಾಕಾಗುತ್ತದೆ. ಬಂದರು ಹತ್ತಿರ ಬಂದಾಗ ಎರಡು ಒಟ್ಟಿಗೆ ಓಡಿಸುತ್ತೇವೆ. ಪಣಂಬೂರಿನ ಬೀಚಿನಲ್ಲಿ ನಿಂತು ನೀನು ನೋಡುತ್ತೀಯಲ್ಲ, ಒಳಗೆ ಬರುವ ಹಡಗುಗಳನ್ನು? ಬಂದರಿನ ದಾರಿ ತೋರಿಸುವ ಪೈಲಟ್ ಹಡಗು ಹತ್ತುವ ಮೊದಲೇ ಕೆಳಗೆ ಎರಡನೇ ಜನರೇಟರ್ ಶುರು ಆಗಿರುತ್ತದೆ.

ನನ್ನ ಕಥೆ ಹೇಳುತ್ತೇನೆ. ನಾನಾಗ ಇನ್ನೂ ಚಾರ್ ಸಾಬ್, ಅಂದರೆ ಫೋರ್ತ್ ಇಂಜಿನಿಯರ್. ಜುಲೈ ತಿಂಗಳು, ಅರಬ್ಬಿ ಸಮುದ್ರ. ಆ ತಿಂಗಳಲ್ಲಿ ನಮ್ಮೂರ ದೋಣಿಗಳು ಯಾಕೆ ದಡದ ಮೇಲಿರುತ್ತವೆ ಅಂತ ನಿನಗೆ ಹೇಳಬೇಕಾಗಿಲ್ಲ. ಎರಡು ದಿನದಿಂದ ಹಡಗು ತೊಟ್ಟಿಲಿನ ಹಾಗೆ ಓಲಾಡುತ್ತಿತ್ತು. ಬೆಳಗಿನ ಜಾವ ಐದು ಗಂಟೆ ಇರಬಹುದು. ಕಂಟ್ರೋಲ್ ರೂಮಿನಲ್ಲಿ ಚಹಾದ ಕಪ್ಪು ಬೀಳದ ಹಾಗೆ ಹಿಡಿದುಕೊಂಡು ಕೂತಿದ್ದೆ. ಟ್ಯೂಬ್‌ಲೈಟ್ ಸಣ್ಣಗೆ ಮಂಕಾಯಿತು. ತಲೆಯೆತ್ತಿ ನೋಡಿದರೆ ಹರ್ಟ್ಸ್ ಮೀಟರಿನ ಮುಳ್ಳು 60ರಿಂದ 58ಕ್ಕೆ, 57ಕ್ಕೆ ಇಳಿಯುತ್ತಿತ್ತು. ಆಮೇಲೆ ಕತ್ತಲೆ.

ಕತ್ತಲೆಗಿಂತ ಹೆದರಿಸೋದು ಸದ್ದು ನಿಲ್ಲೋದು. ನಿಂಗೆ ಮಳೆಗಾಲದ ರಾತ್ರಿ ಫೋನ್ ಬಂದರೆ ಎಚ್ಚರ ಆಗುತ್ತದೆ. ನಮಗೆ ಸದ್ದು ನಿಂತರೆ ಎಚ್ಚರ ಆಗುತ್ತದೆ. ಪಂಪು, ಬ್ಲೋವರ್, ಏಸಿ ಎಲ್ಲ ಒಟ್ಟಿಗೆ ಉಸಿರು ಬಿಟ್ಟು ಸುಮ್ಮನಾದವು. ಎಣ್ಣೆ ಪಂಪು ನಿಂತ ಮೇಲೆ ಮೇನ್ ಇಂಜಿನ್ನೂ ತಾನಾಗಿ ಬಂದ್ ಆಯಿತು. ಯಾರೂ ಕರೆಯದೆಯೇ ಎಲ್ಲರೂ ಎದ್ದು ಕೆಳಗೆ ಓಡಿ ಬಂದರು, ಒಬ್ಬ ಬರೀ ಲುಂಗಿಯಲ್ಲಿ.

ಅಷ್ಟರಲ್ಲಿ ಎರಡನೇ ಜನರೇಟರ್ ತಾನಾಗಿಯೇ ಶುರುವಾಯಿತು, ಲೈಟ್ ಬಂತು. ಅಬ್ಬಾ ಅಂದುಕೊಂಡು ಒಂದೊಂದೇ ಪಂಪಿನ ಬಟನ್ ಒತ್ತುತ್ತಾ ಹೋದೆ. ಎರಡು ನಿಮಿಷ ಆಗಿರಲಿಲ್ಲ, ಮುಳ್ಳು ಮತ್ತೆ 57. ಮತ್ತೆ ಕತ್ತಲೆ.

ಆಗ ನಾನು ಮಾಡಿದ್ದು ಏನು ಗೊತ್ತಾ? ಟಾರ್ಚ್ ಹಿಡಿದು ಮೂರನೆಯದರ ಹತ್ತಿರ ಓಡಿದೆ. ಬಟನ್ ಮೇಲೆ ಬೆರಳಿಟ್ಟಿದ್ದೆ, ಸೆಕೆಂಡ್ ಇಂಜಿನಿಯರ್ ಬಂದು ಮಣಿಕಟ್ಟು ಹಿಡಿದರು. "ಗಾಳಿ ಎಷ್ಟಿದೆ ನೋಡಿದೆಯಾ?" ಅಂದರು.

ಇದು ನಿನಗೆ ಅರ್ಥ ಆಗಬೇಕು. ನಮ್ಮ ಜನರೇಟರ್ ಶುರುವಾಗೋದು ಬ್ಯಾಟರಿಯಿಂದಲ್ಲ, ಬಾಟಲಿಯಲ್ಲಿ ತುಂಬಿಟ್ಟ ಗಾಳಿಯ ಒತ್ತಡದಿಂದ. ತುಂಬಿದಾಗ 30 ಬಾರ್. ಒಂದೊಂದು ಸಲ ಬಟನ್ ಒತ್ತಿದಾಗಲೂ ಕಡಿಮೆಯಾಗುತ್ತದೆ. ಗಾಳಿ ತುಂಬುವ ಕಂಪ್ರೆಸರ್ ಓಡೋದು ಕರೆಂಟಿನಲ್ಲಿ, ಕರೆಂಟ್ ಬರಬೇಕಾದ್ದು ಗಾಳಿಯಿಂದ. ಸುಮ್ನೆ ಒತ್ತುತ್ತಾ ಹೋದರೆ ಗಾಳಿಯೂ ಖಾಲಿ, ಕರೆಂಟೂ ಇಲ್ಲ.

"ಎರಡೂ ಯಾಕೆ ಸತ್ತವು? ಅದನ್ನು ಹೇಳು, ಆಮೇಲೆ ಒತ್ತು" ಅಂದರು ಅವರು. ಎರಡಕ್ಕೂ ಉರಿಸುವ ಎಣ್ಣೆ ಬರೋದು ಒಂದೇ ಟ್ಯಾಂಕಿನಿಂದ, ಒಂದೇ ಫಿಲ್ಟರ್ ದಾಟಿ. ಎರಡು ದಿನದ ಓಲಾಟಕ್ಕೆ ಟ್ಯಾಂಕಿನ ಅಡಿಯ ಕೆಸರೆಲ್ಲ ಕದಡಿ ಮೇಲೆ ಬಂದಿತ್ತು. ಫಿಲ್ಟರ್ ಬಿಚ್ಚಿದರೆ ಜಾಲರಿ ಕಾಣುತ್ತಲೇ ಇಲ್ಲ, ಮೇಲೆಲ್ಲ ಸುಟ್ಟ ಬೆಲ್ಲದ ಪಾಕ ಬಳಿದ ಹಾಗೆ. ಮೂರನೆಯದನ್ನು ಶುರು ಮಾಡಿದ್ದರೂ ಅದೇ ಗತಿ. ಆ ಫಿಲ್ಟರ್, ಆ ಟ್ಯಾಂಕಿನ ಅಡಿಯ ಕೆಸರು ತೆಗೆಯೋದು, ಎಲ್ಲ ನನ್ನ ಕೆಲಸವೇ ಆಗಿತ್ತು. ಅದನ್ನು ಯಾರೂ ಆಗ ಎತ್ತಲಿಲ್ಲ, ಮರುದಿನ ಎತ್ತಿದರು.

ನೀನು ಕೇಳಬಹುದು, ಅಷ್ಟು ಹೊತ್ತು ಪೂರ್ತಿ ಕತ್ತಲೆಯಲ್ಲೇ ಇದ್ರಾ ಅಂತ. ಇಲ್ಲ. ಮೇಲೆ, ಇಂಜಿನ್ ರೂಮಿನಿಂದ ದೂರ, ಒಂದು ಎಮರ್ಜೆನ್ಸಿ ಜನರೇಟರ್ ಇರುತ್ತದೆ. ಅದರ ಟ್ಯಾಂಕೇ ಬೇರೆ, ಶುರುವಾಗುವ ದಾರಿಯೇ ಬೇರೆ. ಕರೆಂಟ್ ಹೋದ 45 ಸೆಕೆಂಡಿನೊಳಗೆ ಅದು ಲೋಡ್ ತೆಗೆದುಕೊಳ್ಳಬೇಕು, ಸರಕಿನ ಹಡಗಿನಲ್ಲಿ 18 ಗಂಟೆ ಓಡಬೇಕು ಅಂತ ಅಂತಾರಾಷ್ಟ್ರೀಯ ನಿಯಮ. ಆದರೆ ಅದು ಕೊಡೋದು ಕೆಲವು ದೀಪ, ರೇಡಿಯೋ, ಚುಕ್ಕಾಣಿ, ಬೆಂಕಿ ಆರಿಸುವ ಪಂಪು ಇಂಥವಕ್ಕೆ ಮಾತ್ರ. ಹಡಗನ್ನು ಮುಂದೆ ಓಡಿಸೋದಿಲ್ಲ. ಮೇಲೆ ಕಂಬದಲ್ಲಿ ಒಂದರ ಕೆಳಗೊಂದು ಎರಡು ಕೆಂಪು ದೀಪ ಹಾಕಿದ್ದರು. "ನಮ್ಮ ಹಡಗು ನಮ್ಮ ಕೈಲಿಲ್ಲ, ದೂರ ಹೋಗಿ" ಅಂತ ಅದರ ಅರ್ಥ. ಓಟ ನಿಂತ ಹಡಗು ಅಲೆಗೆ ಅಡ್ಡ ತಿರುಗಿಕೊಂಡಿತು. ಆಮೇಲೆ ಓಲಾಡಿದ್ದಿದೆಯಲ್ಲ, ಸ್ಟೋರಿನಲ್ಲಿ ಸ್ಪ್ಯಾನರುಗಳು ಓಡಾಡೋದು ಕೇಳುತ್ತಿತ್ತು. ಬ್ಲೋವರ್ ಇಲ್ಲದೆ ಕೆಳಗೆ ಸೆಖೆ, ಬೆವರು ಕಣ್ಣಿಗೇ ಇಳಿಯುತ್ತಿತ್ತು.

ಫಿಲ್ಟರ್ ಬದಲಿಸಿ, ಡೀಸೆಲ್ ಲೈನಿಗೆ ತಿರುಗಿಸಿ, ಪೈಪಿನ ಗಾಳಿ ಹೊರಗೆ ಬಿಟ್ಟೆವು. ನಿಮ್ಮ ತೋಟದ ಪಂಪ್‌ಸೆಟ್ಟಿಗೆ ಮಾಡ್ತಿದ್ದೆವಲ್ಲ, ಹಾಗೇ. ಆಮೇಲೆ ಒಂದೇ ಒಂದು ಸಲ ಬಟನ್ ಒತ್ತಿದೆವು. ಹತ್ತಿತು. ಲೋಡು ಒಮ್ಮೆಲೇ ಹಾಕಲಿಲ್ಲ. ಮೊದಲು ಎಣ್ಣೆ ಪಂಪು, ಆಮೇಲೆ ನೀರಿನ ಪಂಪುಗಳು, ಕಂಪ್ರೆಸರ್. ಏಸಿ, ಅಡುಗೆಮನೆ ಕೊನೆಗೆ. ಲೋಡ್ ಜಾಸ್ತಿಯಾದರೆ ಮೊದಲು ಕಡಿಯೋದೂ ಅವನ್ನೇ. ನಮ್ಮಲ್ಲೂ ಲೋಡ್ ಶೆಡ್ಡಿಂಗ್ ಇದೆ ಕಣೋ! ಮುಕ್ಕಾಲು ಗಂಟೆ ಆಯಿತು ಎಲ್ಲ ಸರಿಹೋಗುವಾಗ. ಅಡುಗೆ ಭಟ್ಟ ಮೂರು ಸಲ ಫೋನ್ ಮಾಡಿದ್ದ, ಅಕ್ಕಿ ನೀರಲ್ಲಿ ಹಾಗೇ ಇದೆ ಅಂತ. ಅವನಿಗೆ ನಾನು ಹೇಳಿದ್ದು ನೀನು ದಿನಾ ಹೇಳುವ ಮಾತೇ: "ಕೆಲಸ ನಡೀತಾ ಇದೆ, ಈಗ ಬರುತ್ತೆ."

ನಮ್ಮದು ನಡು ಸಮುದ್ರ, ಸುತ್ತ ಏನೂ ಇರಲಿಲ್ಲ. ಅದೇ ಪುಣ್ಯ. 2024ರ ಮಾರ್ಚ್ 26ರ ರಾತ್ರಿ ಅಮೆರಿಕದ ಬಾಲ್ಟಿಮೋರಿನಲ್ಲಿ 'ಡಾಲಿ' ಅನ್ನುವ ಕಂಟೇನರ್ ಹಡಗಿನ ಮುಂದೆ ಸೇತುವೆ ಇತ್ತು. ಹಡಗಿನವರಲ್ಲಿ ಹೆಚ್ಚಿನವರು ನಮ್ಮ ದೇಶದವರೇ. ಅಲ್ಲೂ ಕರೆಂಟ್ ಎರಡು ಸಲ ಹೋಯಿತು. ಮೊದಲ ಸಲ ಹೋದದ್ದು ಒಂದು ಸಡಿಲ ತಂತಿಯಿಂದ. ತಂತಿಗೆ ಹಾಕಿದ ಗುರುತಿನ ಪಟ್ಟಿ ಅಡ್ಡ ಬಂದು, ಅದರ ತುದಿ ಟರ್ಮಿನಲ್ಲಿನೊಳಗೆ ಪೂರ್ತಿ ಕೂತಿರಲಿಲ್ಲ. ಅವರು ಬೇಗನೇ ಕರೆಂಟ್ ವಾಪಸ್ ತಂದರು. ಆದರೆ ಜನರೇಟರುಗಳಿಗೆ ಎಣ್ಣೆ ಕೊಡುತ್ತಿದ್ದ ಪಂಪು ತಾನಾಗಿ ಮತ್ತೆ ಶುರುವಾಗುವಂಥದ್ದಲ್ಲ. ಎಣ್ಣೆ ಸಾಲದೆ ಜನರೇಟರ್ ಸತ್ತವು. ಮೊದಲು ಲೈಟ್ ಹೋದಾಗಿನಿಂದ ಸೇತುವೆಗೆ ಬಡಿಯುವವರೆಗೆ ಸುಮಾರು ನಾಲ್ಕು ನಿಮಿಷ. ಪೈಲಟ್ ಕೂಡಲೇ ಸುದ್ದಿ ಕೊಟ್ಟಿದ್ದಕ್ಕೆ ಪೊಲೀಸರು ವಾಹನ ತಡೆದರು. ಸೇತುವೆ ಮೇಲೆ ರಸ್ತೆ ರಿಪೇರಿ ಮಾಡುತ್ತಿದ್ದ ಆರು ಜನ ಮಾತ್ರ ಉಳಿಯಲಿಲ್ಲ.

ಆ ತನಿಖೆಯ ವಿಷಯ ಓದಿದ ದಿನ ನಾನೂ ಬತ್ತಿ ಸಾಬೂ ಮೇನ್ ಸ್ವಿಚ್‌ಬೋರ್ಡಿನ ಹಿಂದೆ ಕೂತು ಒಂದೊಂದೇ ತಂತಿ ಮೆಲ್ಲಗೆ ಎಳೆದು ನೋಡಿದೆವು. ಅರ್ಧ ದಿನ ಹಿಡಿಯಿತು. ಎರಡು ಕೈಗೇ ಬಂದವು. ಒಂದು ಹಳೆಯ ಅಲಾರಂ ಬೆಲ್ಲಿನದು, ಇನ್ನೊಂದು ಯಾವುದರದ್ದು ಅಂತ ಹೇಳೋದಿಲ್ಲ, ನೀನು ನನ್ನ ಅಮ್ಮನಿಗೆ ಹೇಳಿಬಿಡುತ್ತೀಯ.

ಅಂದ ಹಾಗೆ, ಅಮ್ಮನ ಮನೆ ಹತ್ತಿರದ ಟ್ರಾನ್ಸ್‌ಫಾರ್ಮರ್ ಪಕ್ಕ ಹಲಸಿನ ಕೊಂಬೆ ಲೈನಿಗೆ ತಾಗ್ತಾ ಇದೆಯಂತೆ. ಮಳೆ ಹಿಡಿಯೋ ಮೊದಲು ಯಾರನ್ನಾದರೂ ಕಳಿಸಿ ಕಡಿಸು. ಹಣ್ಣಿದ್ದರೆ ನೀನೇ ಇಟ್ಟುಕೋ.

ನಿನ್ನ,
ಈಗಿನ ತೀನ್ ಸಾಬ್