ಹಾರ್ಟ್ ಅಟ್ಯಾಕ್ ವಿಡಿಯೋ ನೋಡಿ ನೋಡಿ ಹೆದರ್ತಿರೋ ದೊಡ್ಡೋರು

ಮಾನ್ಯ ಸಂಪಾದಕರೇ,

ಸೋಷಿಯಲ್ ಮೀಡಿಯಾ ಅಂದ ತಕ್ಷಣ ಎಲ್ರೂ ಮಕ್ಕಳ ವಿಷಯನೇ ಎತ್ತುತ್ತಾರೆ, ಆಸ್ಟ್ರೇಲಿಯಾದಲ್ಲಿ 16 ವರ್ಷದೊಳಗಿನೋರಿಗೆ ಅಕೌಂಟೇ ಬೇಡ ಅಂತ ಕಾನೂನು ತಂದಿದಾರೆ, ನಮ್ಮಲ್ಲೂ ತರ್ಬೇಕು ಅಂತ. ತರ್ಲಿ ಬಿಡಿ. ಆದ್ರೆ ಐವತ್ತು ದಾಟಿದೋರ ಕೈಯಿಂದ ಮೊಬೈಲ್ ಕಿತ್ಕೊಳ್ಳೋರು ಯಾರು?

2025ರ ಜೂನ್, ಜುಲೈನಲ್ಲಿ ನಮ್ಮ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿ ಎಲ್ರಿಗೂ ನೆನಪಿರುತ್ತೆ. ಬೆಳಗಾದ್ರೆ ವಾಟ್ಸಾಪ್‌ಗೆ ಒಂದು ಫೋಟೋ, 'ಇವತ್ತು ಇನ್ನೊಬ್ರು' ಅಂತ, ಜೊತೆಗೆ ಯಾವ ಊರಿಂದೋ ಯಾವ ವರ್ಷದ್ದೋ ಸಿಸಿಟಿವಿ ವಿಡಿಯೋ, ಜಿಮ್‌ನಲ್ಲಿ ಕುಸಿದೋರು, ಮದುವೆ ಮನೇಲಿ ಕುಣೀತಾ ಬಿದ್ದೋರು. ಜನ ಹೆದ್ರಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಕ್ಯೂ ನಿಂತ್ರು. ನಮ್ಮ ಭಾವನೂ ಇಸಿಜಿ, ಎಕೋ ಎಲ್ಲ ಮಾಡಿಸ್ಕೊಂಡ್ರು, ಎಲ್ಲ ನಾರ್ಮಲ್. ಆದ್ರೂ ರಾತ್ರಿ ಲೈಟ್ ಆಫ್ ಆದ್ಮೇಲೆ ಹೊದಿಕೆ ಒಳಗೆ ಮತ್ತೆ ಅದೇ ವಿಡಿಯೋ, ಒಂದು ಕೈಲಿ ಮೊಬೈಲು, ಇನ್ನೊಂದು ಕೈಯ ಎರಡು ಬೆರಳು ಕುತ್ತಿಗೆಗೆ ಒತ್ಕೊಂಡು ನಾಡಿ ಎಣಿಸ್ತಾ ಮಲಗಿರ್ತಿದ್ರು. ಅಕ್ಕ 'ಮೊಬೈಲ್ ಆಚೆ ಇಡ್ರೀ, ಅದನ್ನ ನೋಡೀನೇ ಎದೆ ಹೊಡ್ಕೊಳ್ತಿರೋದು' ಅಂದ್ರೆ ಅವ್ಳ ಮೇಲೇ ರೇಗಾಟ. ಒಂದನ್ನ ಪೂರ್ತಿ ನೋಡಿದ್ರೆ ಸಾಕು, ಇನ್‌ಸ್ಟಾ, ಫೇಸ್‌ಬುಕ್ಕು ಅಂಥದ್ದೇ ಹತ್ತು ತಂದು ಸುರೀತವೆ, ನೋಡೋರು ಹೆದರ್ಕೊಂಡು ನೋಡ್ತಿದಾರೋ ಇಷ್ಟಪಟ್ಟೋ ಅನ್ನೋದು ಅವಕ್ಕೆ ಬೇಕಿಲ್ಲ.

ಆಮೇಲೆ ಜಯದೇವ ಸಂಸ್ಥೆ ನಿರ್ದೇಶಕರ ನೇತೃತ್ವದ ಸಮಿತಿ ಹೃದಯಾಘಾತದ ಸಾವು ಏಕಾಏಕಿ ಏರಿಲ್ಲ ಅಂತ ವರದಿ ಕೊಡ್ತು. ಅದನ್ನ ನಮ್ಮ ಫ್ಯಾಮಿಲಿ ಗ್ರೂಪಿಗೆ ನಾನೇ ಹಾಕ್ದೆ, ಒಂದು ಥಂಬ್ಸ್ ಅಪ್ ಬಂತು, ಅಷ್ಟೇ. ಬೇಜಾರಾಗಿದ್ದೇನಂದ್ರೆ ಪೇಪರ್, ಚಾನೆಲ್‌ಗಳ ಪೇಜುಗಳಲ್ಲೂ ಇದೇ ಕಥೆ, 'ಮತ್ತೊಂದು ಬಲಿ' ಅಂತ ಕೆಂಪಕ್ಷರದಲ್ಲಿ ದಿನಕ್ಕೊಂದು ಪೋಸ್ಟರ್ರು, ವರದಿ ಬಂದಾಗ ಮಾತ್ರ ಮೂಲೇಲಿ ನಾಲ್ಕು ಸಾಲು (ನೀವು ಇದನ್ನ ಕಟ್ ಮಾಡ್ತೀರೇನೋ, ಆದ್ರೂ ಬರೀತಿದೀನಿ).

ನಿಮ್ಹಾನ್ಸ್‌ನಲ್ಲಿ 2014ರಿಂದ ಮೊಬೈಲ್, ಇಂಟರ್ನೆಟ್ ಚಟಕ್ಕೇ ಅಂತ ಶಟ್ ಕ್ಲಿನಿಕ್ ಇದೆ. ಭಾವಂಗೆ ಹೇಳಿದ್ರೆ 'ಅದು ಪಬ್ಜಿ ಆಡೋ ಹುಡುಗ್ರಿಗೆ ಕಣಯ್ಯ' ಅಂದ್ರು. ಬೆಂಗಳೂರಿಗೆ ಹೋಗಕ್ಕಾಗದೇ ಇದ್ದೋರಿಗೆ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯದ ಸಹಾಯವಾಣಿ ಇದೆ, ನಂಬರ್ 14416, ಸರ್ಕಾರದ್ದು, ಫ್ರೀ, ರಾತ್ರಿ ಎರಡು ಗಂಟೆಗೂ ಕನ್ನಡದಲ್ಲೇ ಮಾತಾಡ್ಬಹುದು. ಆತ್ಮಹತ್ಯೆ ಸುದ್ದಿ ಕೆಳಗೆ ಸಹಾಯವಾಣಿ ನಂಬರ್ ಹಾಕ್ತೀರಲ್ಲ, ಇಂಥ ಸುದ್ದಿ ಫೇಸ್‌ಬುಕ್‌ಗೆ ಹಾಕೋವಾಗ್ಲೂ ಅದರ ಕೆಳಗೆ ಈ ನಂಬರ್ ಒಂದು ಸೇರಿಸಿ.

ಇಂತಿ,
ನಿಮ್ಮ ಓದುಗ
ಅರಸೀಕೆರೆ