ಆಶ್ವಿಟ್ಜ್‌ಗೆ ಅರ್ಧ ದಿನ ಸಾಲದು

ಪೋಲೆಂಡಿನ ಆಶ್ವಿಟ್ಜ್ ಸ್ಮಾರಕವನ್ನೂ ವಿಯೆಲಿಚ್ಕಾ ಉಪ್ಪಿನ ಗಣಿಯನ್ನೂ ಒಂದೇ ದಿನದಲ್ಲಿ ತೋರಿಸಿ ಮುಗಿಸುವ ಪ್ರವಾಸ ಪದ್ಧತಿ ಸರಿಯಲ್ಲ. ಆಶ್ವಿಟ್ಜ್ ಎಂದರೆ ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ನಾಜಿಗಳು ಸುಮಾರು 11 ಲಕ್ಷ ಜನರನ್ನು, ಅವರಲ್ಲಿ ಬಹುಪಾಲು ಯಹೂದಿಗಳನ್ನು, ಕೊಂದ ಶಿಬಿರದ ನೆಲ. ಗಾಜಿನ ಹಿಂದೆ ರಾಶಿ ಬಿದ್ದಿರುವ ಸೂಟ್‌ಕೇಸುಗಳ ಮೇಲೆ ದೊಡ್ಡ ಬಿಳಿ ಅಕ್ಷರಗಳಲ್ಲಿ ಬರೆದ ಹೆಸರುಗಳು ಇಂದಿಗೂ ಕಾಣುತ್ತವೆ. ಸಾಮಾನು ಮರಳಿ ಸಿಗುತ್ತದೆಂದು ನಂಬಿದವರ ಹೆಸರುಗಳವು. ಒಂದು ಹೆಸರನ್ನು ಓದಿ ಮುಗಿಸುವಷ್ಟರಲ್ಲಿ ನಮ್ಮ ತಂಡವನ್ನು ಮುಂದಿನ ಕೋಣೆಗೆ ಸಾಗಿಸಿದರು. ಅದೇ ಶಿಬಿರದ ಭಾಗವಾಗಿದ್ದ, ಮೂರು ಕಿಲೋಮೀಟರ್ ಆಚೆಯ ಬಿರ್ಕೆನೌನಲ್ಲಿ, 1945ರ ಜನವರಿಯಲ್ಲಿ ನಾಜಿಗಳು ಸ್ಫೋಟಿಸಿ ಹೋದ ವಿಷಾನಿಲ ಕೋಣೆಯ ಕುಸಿದ ಛಾವಣಿಯ ಮುಂದೆ ನಿಲ್ಲಲು ಸಿಕ್ಕಿದ್ದು ಐದೇ ನಿಮಿಷ. ಅಲ್ಲಿನ ರೈಲು ಹಳಿಯ ಮೇಲೆ ನಿಂತು ನಗುತ್ತಾ ಫೋಟೊ ತೆಗೆಸಿಕೊಳ್ಳುವವರನ್ನೂ ಕಂಡು ಮನಸ್ಸು ನೊಂದಿತು. ಪ್ರವಾಸ ಸಂಸ್ಥೆಗಳು ಈ ಸ್ಥಳಕ್ಕೆ ಪೂರ್ತಿ ಒಂದು ದಿನ ಮೀಸಲಿಡಲಿ. ಹೊರಡುವ ಮುನ್ನವೇ ಅದರ ಚರಿತ್ರೆಯನ್ನು ಪ್ರವಾಸಿಗರಿಗೆ ತಿಳಿಸಲಿ.

– ಓದುಗರೊಬ್ಬರು, ಮೈಸೂರು